ಹಿಮ್ಮಡಿಯೋ, ಸೊಂಟವೋ?

ಕೋಲು ಬೀಳುವ ಸದ್ದು ಆ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು. ಕ್ರೀಡಾಂಗಣಕ್ಕೆ ಒಮ್ಮೆಯೂ ಕಾಲಿಡದ ಅಮ್ಮ ಕೂಡ, ಅಡುಗೆಮನೆಯಲ್ಲಿ ಸೌಟು ಜಾರಿ ಕೆಳಗೆ ಬಿದ್ದರೆ ಸಾಕು, "ಇವತ್ತೂ ಹೀಗೇ ಆಯ್ತಾ?" ಎಂದು ಕೇಳಿ, ಕಿರಿಮಗಳ ಮುಖ ನೋಡಿ, ಕೇಳಬಾರದಿತ್ತೆಂದು ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಕಿರಿಯವಳು ಎತ್ತರ ಜಿಗಿತದ ಹುಡುಗಿ. ನಡೆಯಲು ಕಲಿಯುವ ಮೊದಲೇ ಮಂಚದಿಂದ ಹಾರಿದ್ದಳೆಂಬುದು ಅಪ್ಪ ಬಂದವರಿಗೆಲ್ಲ ಹೇಳುವ ಕತೆ. ಹೀಗಾಗಿ ಮನೆಯಲ್ಲಿ ಅವಳಿಗೆ ಕಪ್ಪೆ ಎಂದೇ ಹೆಸರು. ಹಿರಿಯವಳಿಗೆ ಅಂಥ ಹೆಸರೇನೂ ಹುಟ್ಟಲಿಲ್ಲ. ಕಪ್ಪೆ ಮಾತು ಕಲಿತಾಗಿನಿಂದ ಅವಳು ಎಲ್ಲರಿಗೂ ಅಕ್ಕ. ಹೆತ್ತ ಅಪ್ಪನೂ "ಅಕ್ಕ, ನನ್ನ ಕನ್ನಡಕ ನೋಡಿದ್ಯಾ?" ಎಂದೇ ಕೇಳುತ್ತಿದ್ದ.

ಕನ್ನಡಕದ ವಿಷಯ ಅವಳನ್ನೇ ಕೇಳಬೇಕಿತ್ತು. ಭೌತಶಾಸ್ತ್ರದಲ್ಲಿ ಪದವಿ ಮುಗಿಸಿದ ಮೇಲೆ ಅಕ್ಕ ಕನ್ನಡಕದಂಗಡಿಯೊಂದರ ಒಳಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಗಾಜನ್ನು ಅಳತೆಗೆ ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಕನ್ನಡಿ ಮುಂದೆ ಮುಖ ತಿರುಗಿಸುತ್ತ "ನನಗೆ ಇದು ಒಪ್ಪುತ್ತಾ?" ಎಂದು ಕೇಳುವಾಗ ಉತ್ತರ ಹೇಳಬೇಕಾದವರು ಬೇರೆ. ಪರದೆಯ ಹಿಂದಿದ್ದ ಅವಳಿಗೆ ಬರುತ್ತಿದ್ದುದು ಕಣ್ಣಿನ ಅಂಕಿಗಳು ಮಾತ್ರ. ಅವಳಿಗೆ ಅಷ್ಟೇ ಸಾಕಾಗಿತ್ತು. ಹೊಸಬರ ಎದುರು ಮಾತಾಡಬೇಕೆಂದರೆ ಅವಳ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹೇಳಬೇಕಾದ ಮಾತು ನೆನಪಾಗುತ್ತಿದ್ದುದು ಮನೆಗೆ ಬಂದು ಕೈಕಾಲು ತೊಳೆದುಕೊಳ್ಳುವಾಗ.

ಈಗ ಮನೆಯಲ್ಲಿ ಎದ್ದಿದ್ದ ಜಗಳಕ್ಕೆ ಕಾರಣ ಒಂದೇ ಒಂದು ಪ್ರಶ್ನೆ. ಕಪ್ಪೆ ಒಂದು ಎತ್ತರದವರೆಗೆ ಸಲೀಸಾಗಿ ಹಾರುತ್ತಿದ್ದಳು. ಅದರ ಮೇಲೆ ಬೆರಳಗಲ ಏರಿಸಿದರೂ ಕೋಲು ಬೀಳುತ್ತಿತ್ತು. ಬೀಳುವುದು ಸರಿ, ಬೀಳಿಸುವುದು ಯಾವುದು? ಹಿಮ್ಮಡಿ ಎಂದು ಕೋಚ್ ಹೇಳುತ್ತಿದ್ದರು. ಸೊಂಟ ಎಂದು ಕಪ್ಪೆ ಹೇಳುತ್ತಿದ್ದಳು. ಕೋಲಿಗೆ ಬೆನ್ನು ಹಾಕಿ, ಮಲಗಿದ ಭಂಗಿಯಲ್ಲಿ, ತಲೆ ಮೊದಲಾಗಿ ಆಚೆ ಬೀಳುವ ಜಿಗಿತ ಅದು. ಎಲ್ಲವೂ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ. ಹಾರುವವಳಿಗೆ ಕಾಣುವುದು ಸೂರು, ನೋಡುವವರಿಗೆ ಕಾಣುವುದು ಕೋಲು ಬಿದ್ದ ಮೇಲಿನ ಗಲಾಟೆ.

"ತಾಗಿದ್ದು ನನ್ನ ಮೈಗೆ. ನನಗೆ ಗೊತ್ತಾಗಲ್ವಾ?" ಎಂದಳು ಕಪ್ಪೆ ತಟ್ಟೆಯ ಮುಂದೆ ಮುಖ ಊದಿಸಿಕೊಂಡು. "ಒಂದು ತಿಂಗಳಿಂದ ಹಿಮ್ಮಡಿ, ಹಿಮ್ಮಡಿ ಅಂತ ಕಾಲು ಎತ್ತಿಸಿದ್ದೇ ಎತ್ತಿಸಿದ್ದು. ಮೊದಲು ಒಂದೊಂದ್ ಸಲನಾದ್ರೂ ದಾಟ್ತಿದ್ದೆ. ಈಗ ಅದೂ ಇಲ್ಲ."

"ಅವರು ಎಷ್ಟು ಮಕ್ಕಳನ್ನ ಹಾರಿಸಿದ್ದಾರೋ. ಅವರಿಗೆ ಗೊತ್ತಿರಲ್ವೇನೇ?" ಎಂದಳು ಅಮ್ಮ.

"ಹಾಗಾದ್ರೆ ಅವರೇ ಹಾರಲಿ. ಆಯ್ಕೆ ಪಂದ್ಯದವರೆಗೆ ನೋಡ್ತೀನಿ. ಅಲ್ಲೂ ಹೀಗೇ ಆದ್ರೆ ಬಿಟ್ಬಿಡ್ತೀನಿ. ಆಣೆಗೂ ಬಿಟ್ಬಿಡ್ತೀನಿ."

ಕಪ್ಪೆ ಅಳುವುದನ್ನು ಮನೆಯವರು ಬೇಕಾದಷ್ಟು ನೋಡಿದ್ದರು. ಬಿಟ್ಟುಬಿಡುತ್ತೇನೆ ಎಂದುದನ್ನು ಕೇಳಿದ್ದು ಅದೇ ಮೊದಲು.

ಅಕ್ಕ ತನ್ನ ಫೋನು ತೆಗೆದು ಮತ್ತೆ ನೋಡಿದಳು. ಹಿಂದಿನ ವಾರ ಕ್ರೀಡಾಂಗಣದ ಕೊನೆಯ ಸಾಲಿನಲ್ಲಿ ಕೂತು ತೆಗೆದ ಫೋಟೋಗಳು. ಒಳಾಂಗಣದ ಮಂಕು ಬೆಳಕಿನಲ್ಲಿ ತಂಗಿ ಇರಬೇಕಾದ ಕಡೆ ಬೆಳ್ಳನೆಯ ಗೀರು ಇತ್ತು, ಬೆರಳಲ್ಲಿ ಒರೆಸಿದ ಸುಣ್ಣದ ಹಾಗೆ. ವಿಡಿಯೋದಲ್ಲೂ ಅದೇ ಗೀರು ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು. ಅದರಲ್ಲಿ ಹಿಮ್ಮಡಿ ಯಾವುದು, ಸೊಂಟ ಯಾವುದು? ಅಷ್ಟು ದೊಡ್ಡ ಹುಡುಗಿ, ಅಷ್ಟು ಜನರ ಕಣ್ಣೆದುರಿಗೆ ಮಾಡುವ ಕೆಲಸ. ಆದರೂ ನಡೆದದ್ದೇನೆಂದು ಯಾರಿಗೂ ಕಾಣುತ್ತಿಲ್ಲವಲ್ಲ ಎಂಬುದೇ ಅವಳಿಗೆ ದೊಡ್ಡ ಸೋಜಿಗವಾಗಿತ್ತು.

"ನಾನು ಕ್ಯಾಮೆರಾ ತಗೋತೀನಿ," ಎಂದಳು.

ಮೂವರೂ ಅವಳತ್ತ ತಿರುಗಿದರು. ಊಟದ ನಡುವೆ ಅಕ್ಕ ಮಾತಾಡುವುದೇ ಅಪರೂಪ.

"ಯಾವ ಕ್ಯಾಮೆರಾ?" ಎಂದ ಅಪ್ಪ.

"ಅದೇ, ಕುತ್ತಿಗೆಗೆ ನೇತು ಹಾಕ್ಕೊಳ್ತಾರಲ್ಲ. ಡಿಎಸ್‌ಎಲ್‌ಆರ್. ಓಡೋದು, ಹಾರೋದು ಹಿಡಿಯೋಕೆ ಅದೇ ಬೇಕಂತೆ."

"ನೀನಾ?" ಎಂದು ಕಪ್ಪೆ ನಕ್ಕೇಬಿಟ್ಟಳು. "ಅಕ್ಕ, ನೀನು ಫೋಟೋ ತೆಗೆಯೋದು ಏನು ಹೇಳು? ಚಮಚ. ಬಾಗಿಲ ಚಿಲಕ. ಒಣಗೋಕೆ ಹಾಕಿದ ಕಾಲುಚೀಲ. ಅವು ಯಾವತ್ತಾದ್ರೂ ಹಾರಿದ್ವಾ?"

ಅಕ್ಕನೂ ನಕ್ಕಳು. ಅದು ನಿಜವೇ. ಚಮಚ ತಿರುಗಿ ನೋಡುವುದಿಲ್ಲ, ಯಾಕೆ ತೆಗೀತಿದ್ದೀರಿ ಎಂದು ಕೇಳುವುದಿಲ್ಲ.

ಅಲ್ಲಿಂದ ಮುಂದೆ ಮಧ್ಯಾಹ್ನದ ಬಿಡುವೆಲ್ಲ ಅಂತರ್ಜಾಲದಲ್ಲಿ ಕ್ಯಾಮೆರಾಗಳ ಬಗ್ಗೆ ಓದುವುದಕ್ಕೇ ಹೋಯಿತು. ಮೆಗಾಪಿಕ್ಸೆಲ್, ಶಟರ್, ಐಎಸ್‌ಒ, ಒಂದು ಸೆಕೆಂಡಿಗೆ ಎಷ್ಟು ಚಿತ್ರ, ಫೋಕಸ್ಸಿಗೆ ಎಷ್ಟು ಬಿಂದು. ಒಬ್ಬ ಬರೆದದ್ದನ್ನು ಇನ್ನೊಬ್ಬ ಹೀಗಳೆಯುತ್ತಿದ್ದ. ಇಬ್ಬರನ್ನೂ ಮೂರನೆಯವನು ಮೂರ್ಖರೆನ್ನುತ್ತಿದ್ದ. ಅಕ್ಕನಿಗೆ ಇದೆಲ್ಲ ಬೇಸರ ತರಲಿಲ್ಲ. ಗಾಜು, ಬೆಳಕು, ಅಂಕಿ ಅವಳಿಗೆ ದಿನದ ಸಹವಾಸ. ಆದರೆ ಓದುತ್ತ ಓದುತ್ತ ಅವಳ ಕಣ್ಣು ಮತ್ತೆ ಮತ್ತೆ ಹೋಗಿ ನಿಲ್ಲುತ್ತಿದ್ದುದು ಉದ್ದನೆಯ ಜೂಮ್ ಲೆನ್ಸುಗಳ ಚಿತ್ರದ ಮೇಲೆ. ಮೊಳದುದ್ದದ ಆ ಕೊಳವೆ ಇದ್ದರೆ ಕೊನೆಯ ಸಾಲಿನಲ್ಲೇ ಕೂತಿರಬಹುದು. ಯಾರಿಗೂ ಕಾಣದ ಹಾಗೆ, ಯಾರನ್ನೂ ಕೇಳದ ಹಾಗೆ. ಇದನ್ನು ಮಾತ್ರ ಅವಳು ಯಾರಿಗೂ ಹೇಳಲಿಲ್ಲ.

ಶನಿವಾರ ಅಕ್ಕತಂಗಿಯರು ಕ್ಯಾಮೆರಾ ಅಂಗಡಿಗೆ ಹೋದರು. ಒಳಗೆ ಕಾಲಿಟ್ಟ ಕೂಡಲೆ ಮಾರಾಟದ ಹುಡುಗಿಯೊಬ್ಬಳು ನಗುತ್ತ ಬಂದು, ಹೊಳೆಯುವ ಪುಟ್ಟ ಕ್ಯಾಮೆರಾ ಒಂದನ್ನು ಅಕ್ಕನ ಕೈಗಿಟ್ಟು, ಇದರಲ್ಲಿ ತೆಗೆದದ್ದನ್ನು ಗೋಡೆಯಷ್ಟು ದೊಡ್ಡದು ಮಾಡಬಹುದು ಎಂದು ಶುರುಮಾಡಿದಳು. "ನಮ್ಮನೇಲಿ ಅಷ್ಟು ದೊಡ್ಡ ಗೋಡೆ ಇಲ್ಲ," ಎಂದಳು ಕಪ್ಪೆ. ಹುಡುಗಿ ಇನ್ನೊಂದು ಕ್ಯಾಮೆರಾ ತೆಗೆಯುವಷ್ಟರಲ್ಲಿ ಹಿಂದಿನ ಮೇಜಿನಿಂದ ಒಂದು ದೊರಗು ದನಿ ಬಂತು.

"ನಿಮ್ಮನೇಲಿ ಓಡೋದು ಏನು?"

ಅಂಗಡಿಯೊಡತಿ. ಬಿಳಿಕೂದಲನ್ನು ಗಂಡುಹುಡುಗರಂತೆ ಕತ್ತರಿಸಿದ್ದ ಹೆಂಗಸು. ಪತ್ರಿಕೆಯೊಂದಕ್ಕೆ ಬಹುಕಾಲ ಆಟೋಟದ ಫೋಟೋ ತೆಗೆದು, ಮೊಣಕಾಲು ಕೈಕೊಟ್ಟ ಮೇಲೆ ಅಂಗಡಿ ಇಟ್ಟವಳು. ಇದನ್ನು ಅವಳೇ ಆಮೇಲೆ, ಕೇಳದೆಯೇ ಹೇಳಿದಳು.

ಅಕ್ಕ ತಂಗಿಯತ್ತ ಕಣ್ಣು ತೋರಿದಳು. ಅದೇ ಅವಳ ಉತ್ತರ.

"ನಾನೇ ಓಡೋದು," ಎಂದಳು ಕಪ್ಪೆ. "ಓಡಿ ಹಾರ್ತೀನಿ. ಕೋಲು ಬೀಳಿಸ್ತೀನಿ. ಯಾವುದ್ರಿಂದ ಬೀಳಿಸ್ತೀನಿ ಅಂತ ಗೊತ್ತಾಗ್ಬೇಕು."

ಒಡತಿಯ ಹುಬ್ಬು ಮೇಲೇರಿತು. "ಪರವಾಗಿಲ್ವೇ! ಇಲ್ಲಿಗೆ ಬರೋರೆಲ್ಲ ಚೆನ್ನಾಗಿ ಬರಬೇಕು ಅಂತಾರೆ. ಏನನ್ನೋ ಕಂಡುಹಿಡೀಬೇಕು ಅಂತ ಬಂದವರು ನೀವೇ. ಹೊರಗಾ, ಒಳಗಾ?"

"ಒಳಗೆ," ಎಂದಳು ಅಕ್ಕ ಮೆಲ್ಲಗೆ. "ಹಾಲ್‌ನಲ್ಲಿ. ಬೆಳಕು ಕಮ್ಮಿ."

ಆ ಅಂಗಡಿಗೊಂದು ಪದ್ಧತಿ ಇತ್ತು. ಒಡತಿ ಯಾರಿಗೂ ಅಂಗಡಿಯೊಳಗೆ ನಿಂತು ಮೊದಲ ಕ್ಯಾಮೆರಾ ಆರಿಸಲು ಬಿಡುತ್ತಿರಲಿಲ್ಲ. "ಇಲ್ಲಿ ಇಷ್ಟು ದೀಪ ಹಾಕಿದ್ದೀನಿ, ಇಲ್ಲಿ ಎಲ್ಲ ಕ್ಯಾಮೆರಾನೂ ಸುಂದರವಾಗೇ ಕಾಣುತ್ತೆ," ಎಂದು, ಗುರುತಿನ ಚೀಟಿಯ ನಕಲು ಇಟ್ಟುಕೊಂಡು, ಗಿರಾಕಿಗಳಿಂದ ತಾನೇ ಹಿಂದಕ್ಕೆ ಕೊಂಡಿದ್ದ ಹಳೆಯ ಕ್ಯಾಮೆರಾ ಒಂದನ್ನು ಒಂದು ವಾರಕ್ಕೆ ಕೊಟ್ಟು ಕಳಿಸುತ್ತಿದ್ದಳು. ತೆಗೆಯಬೇಕಾದದ್ದನ್ನು ತೆಗೆಯಬೇಕಾದ ಜಾಗದಲ್ಲೇ ತೆಗೆದು ಬರಬೇಕು. ವ್ಯಾಪಾರ ಆಮೇಲೆ.

ಅಕ್ಕನಿಗೆ ಕೊಟ್ಟದ್ದು ಮೂಲೆ ಸವೆದ ಕಪ್ಪು ಕ್ಯಾಮೆರಾ. ಇಟ್ಟಿಗೆಯ ಹಾಗೆ ಭಾರ. "ಹೊಸ ಮಾಡೆಲ್‌ನಲ್ಲಿರೋ ಮೆಗಾಪಿಕ್ಸೆಲ್‌ನಲ್ಲಿ ಅರ್ಧದಷ್ಟೂ ಇದರಲ್ಲಿಲ್ಲ. ಆದ್ರೆ ಒತ್ತಿದ ಕೂಡಲೆ ಕೇಳುತ್ತೆ, ಬಿಡದೆ ಪಟಪಟ ತೆಗೆಯುತ್ತೆ. ಹಾರೋರಿಗೆ ಅದು ಮುಖ್ಯ," ಎಂದಳು ಒಡತಿ. ಆಮೇಲೆ ಎರಡು ಲೆನ್ಸ್ ತಂದಿಟ್ಟಳು. ಒಂದು ಅಕ್ಕ ಕನಸಿನಲ್ಲಿ ಕಂಡಿದ್ದ ಉದ್ದನೆಯ ಜೂಮ್. ಇನ್ನೊಂದು ಗಿಡ್ಡ, ಕಾಫಿ ಲೋಟದ ಅರ್ಧ ಎತ್ತರವೂ ಇಲ್ಲ, ಹತ್ತಿರ ದೂರ ಮಾಡುವ ಸೌಲಭ್ಯವೂ ಇಲ್ಲ.

"ಎರಡೂ ಯಾಕೆ?" ಎಂದು ಕೇಳಿದಳು ಅಕ್ಕ.

"ಅದನ್ನ ನೀವೇ ಬಂದು ನನಗೆ ಹೇಳ್ತೀರಿ."

ಭಾನುವಾರ ಮನೆ ಮನೆಯಾಗಿ ಉಳಿಯಲಿಲ್ಲ. ಮೊದಲು ಸೀಲಿಂಗ್ ಫ್ಯಾನ್. ಬೆಳಕಿನ ಬಾಗಿಲಾದ ಶಟರ್ ನಿಧಾನವಿಟ್ಟಾಗ ಚಿತ್ರದಲ್ಲಿ ರೆಕ್ಕೆಗಳೇ ಇರಲಿಲ್ಲ, ಒಂದು ಬೂದುಬಣ್ಣದ ತಟ್ಟೆ ತೇಲುತ್ತಿತ್ತು. ಕ್ಯಾಮೆರಾದ ಚಕ್ರ ತಿರುಗಿಸಿ ಶಟರ್ ವೇಗ ಏರಿಸುತ್ತ ಹೋದ ಹಾಗೆ ತಟ್ಟೆ ಒಡೆದು ಮೂರು ನೆರಳಾಯಿತು, ನೆರಳು ಗಟ್ಟಿಯಾಗಿ ರೆಕ್ಕೆಯಾಯಿತು. ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೆ ತಂದಾಗ ಫ್ಯಾನ್ ನಿಂತೇಹೋಗಿತ್ತು. ರೆಕ್ಕೆಯ ತುದಿಯಲ್ಲಿ ಜೋತುಬಿದ್ದ ಧೂಳೂ ಕಾಣುತ್ತಿತ್ತು. ಆದರೆ ಚಿತ್ರ ಕಪ್ಪೋ ಕಪ್ಪು.

"ಫ್ಯಾನ್ ಒರೆಸಿ ಎಷ್ಟು ದಿನ ಆಯ್ತು ಅಂತ ಕಂಡುಹಿಡಿಯೋಕಾ ಇದನ್ನ ತಂದಿದ್ದು?" ಎಂದಳು ಅಮ್ಮ.

ಕಪ್ಪಾದದ್ದು ಯಾಕೆ? ಬಾಗಿಲು ತೆರೆದು ಚಟ್ಟನೆ ಮುಚ್ಚಿದರೆ ಒಳಗೆ ಬರುವ ಬೆಳಕೂ ಅಷ್ಟೇ. ಹಾಗಾದರೆ ಬಾಗಿಲು ದೊಡ್ಡದಿರಬೇಕು. ಅಕ್ಕ ಎರಡೂ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅಷ್ಟುದ್ದದ ಕೊಳವೆಯ ತಳದಲ್ಲಿ ಬೆಳಕು ಇಣುಕುತ್ತಿದ್ದುದು ಬಟಾಣಿ ಗಾತ್ರದ ಕಿಂಡಿಯಲ್ಲಿ. ಗಿಡ್ಡದು ಇಡೀ ಕಣ್ಣರಳಿಸಿಕೊಂಡಿತ್ತು. ಅವಳು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದಳು. ಉತ್ತರ ಅಲ್ಲೇ ಸಿಕ್ಕಿತ್ತು. ಆದರೂ ಅದನ್ನು ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ಕ್ರೀಡಾಂಗಣದಲ್ಲಿ ಹೇಗಿರುತ್ತೋ, ನೋಡೋಣ ಎಂದುಕೊಂಡಳು.

ಫ್ಯಾನ್ ಆದ ಮೇಲೆ ಅಪ್ಪನ ಸರದಿ. ಸೋಫಾದಿಂದ ನೆಲಕ್ಕೆ ಹಾರಬೇಕು.

"ಈ ವಯಸ್ಸಿನಲ್ಲಾ?"

"ಕಪ್ಪೆ ಅಪ್ಪ ತಾನೇ ನೀನು? ಹಾರಪ್ಪ," ಎಂದಳು ಕಪ್ಪೆ.

ಅಪ್ಪ ಹಾರಿದ. ಅಕ್ಕ ಒತ್ತಿದಳು. ಚಿತ್ರದಲ್ಲಿ ಅಪ್ಪ ಆಗಲೇ ನೆಲದ ಮೇಲಿದ್ದು ಸೊಂಟ ಹಿಡಿದುಕೊಂಡಿದ್ದ. ಮತ್ತೆ ಹಾರಿಸಿದಳು, ಮತ್ತೆ ನೆಲದ ಮೇಲೆ. ಗಾಳಿಯಲ್ಲಿದ್ದ ಅಪ್ಪನನ್ನು ಅವಳು ಕ್ಯಾಮೆರಾದ ಹಿಂದಿನ ಕಿಂಡಿಯಲ್ಲಿ ಕಣ್ಣಾರೆ ನೋಡಿದ್ದಳು. ಅಂಗಿ ಮೇಲೆದ್ದು, ಕೈಗಳು ಬಾತುಕೋಳಿಯಂತೆ ಹರಡಿ. ಆ ಅಪ್ಪ ಎಲ್ಲಿ ಹೋದ?

ಆಗ ಅವಳಿಗೆ ಹೊಳೆಯಿತು. ಈ ಕ್ಯಾಮೆರಾದ ಕಿಂಡಿಯಲ್ಲಿ ಕಾಣುವುದು ಒಳಗಿನ ಪುಟ್ಟ ಕನ್ನಡಿಯ ದಯೆ. ಗುಂಡಿ ಒತ್ತಿದರೆ ಕನ್ನಡಿ ಮೇಲೇಳುತ್ತದೆ, ಬೆಳಕು ಚಿತ್ರಕ್ಕೆ ಹೋಗುತ್ತದೆ, ಕಣ್ಣಿಗೆ ಕತ್ತಲೆ. ಅಂದರೆ ಚಿತ್ರ ಮೂಡುವ ಗಳಿಗೆಯನ್ನು ತೆಗೆಯುವವಳು ನೋಡುವ ಹಾಗೇ ಇಲ್ಲ. ತಾನು ನೋಡಿದೆ ಎಂದರೆ ಅದು ತಪ್ಪಿತು ಎಂದೇ ಅರ್ಥ. ಎಂಥ ವಿಚಿತ್ರ ಯಂತ್ರ! ನೋಡುವುದಕ್ಕೆ ಎಂದು ಮಾಡಿಟ್ಟು, ಮುಖ್ಯವಾದದ್ದು ಬಂದಾಗ ಕಣ್ಣು ಮುಚ್ಚು ಎನ್ನುತ್ತದೆ.

"ಅಪ್ಪ, ಇನ್ನೊಂದ್ ಸಲ," ಎಂದಳು. ಈ ಸಲ ಅವನ ಮೊಣಕಾಲು ಬಗ್ಗಿದ್ದನ್ನು ಕಂಡ ಕೂಡಲೆ, ಏನೂ ಆಗುವ ಮೊದಲೇ ಒತ್ತಿದಳು. ಕತ್ತಲೆ. ತೆರೆಯ ಮೇಲೆ ನೋಡಿದರೆ ಅಪ್ಪ ಗಾಳಿಯಲ್ಲಿ! ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅಪ್ಪ ಮಾತ್ರ ಗಂಭೀರವಾಗಿ, "ನೋಡಿದ್ರಾ, ಎಷ್ಟು ಮೇಲೆ ಹಾರಿದ್ದೀನಿ," ಎಂದ.

ಸೋಮವಾರ ಸಂಜೆ ಅಕ್ಕ ಕ್ರೀಡಾಂಗಣದ ಕೊನೆಯ ಸಾಲಿನಲ್ಲಿ ಕಂಬದ ಪಕ್ಕ ಕೂತು ಉದ್ದನೆಯ ಲೆನ್ಸ್ ಏರಿಸಿದಳು. ಕಿಂಡಿಯಲ್ಲಿ ತಂಗಿಯ ಹಣೆಯ ಬೆವರೂ ಕಂಡಿತು. ಇಲ್ಲಿ ಕೂತು ಅಲ್ಲಿರಬಹುದು. ಇದಕ್ಕಿಂತ ಸುಖ ಬೇರೆ ಉಂಟೆ? ಆದರೆ ಚಿತ್ರಗಳು ಅವಳ ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟವು. ಶಟರ್ ವೇಗವಿಟ್ಟರೆ ಮಸಿ. ನಿಧಾನವಿಟ್ಟರೆ ಅದೇ ಸುಣ್ಣದ ಗೀರು. ಐಎಸ್‌ಒ ಏರಿಸಿ ಬೆಳಕು ಹೀರುವ ಶಕ್ತಿ ಹೆಚ್ಚಿಸಿದರೆ ಚಿತ್ರದ ತುಂಬ ಮರಳು ಎರಚಿದಂತೆ ಚುಕ್ಕಿ. ಆ ಮರಳಿನಲ್ಲಿ ಕೋಲೂ ಇಲ್ಲ, ಕಾಲೂ ಇಲ್ಲ. ಗಿಡ್ಡ ಲೆನ್ಸ್ ಹಾಕಿದಳು. ಬೆಳಕು ಬಂತು, ಗೀರು ಹೋಯಿತು. ಆದರೆ ಅಷ್ಟು ದೂರದಿಂದ ತಂಗಿ ಕಡ್ಡಿಪೆಟ್ಟಿಗೆಯ ಕಡ್ಡಿ. ದೊಡ್ಡದು ಮಾಡಿ ನೋಡಿದರೆ ಕಡ್ಡಿ ಕಲೆಯಾಯಿತು.

ಕೆಳಗೆ ಕೋಲು ಬಿತ್ತು. ಕಪ್ಪೆ ಮೆತ್ತೆಯ ಮೇಲೆ ಅಂಗಾತ ಮಲಗಿಯೇ ಇದ್ದಳು, ಎದ್ದು ಬರಲಿಲ್ಲ.

ಅಕ್ಕ ಕಂಬದ ಹಿಂದಕ್ಕೆ ಸರಿದು ಅಂಗಡಿಯೊಡತಿಗೆ ಫೋನ್ ಮಾಡಿದಳು. ಹೊಸಬರಿಗೆ ತಾನಾಗಿ ಫೋನ್ ಮಾಡಿದ್ದು ಆ ವರ್ಷದಲ್ಲೇ ಮೊದಲಿರಬೇಕು. "ಮೇಡಂ, ಉದ್ದನೂ ಇದ್ದು, ಕಣ್ಣೂ ದೊಡ್ಡದಿರೋ ಲೆನ್ಸ್ ಇಲ್ವಾ?"

"ಇದೆ. ಒಂದು ಮಗುವಿನಷ್ಟು ಭಾರ. ಅದರ ಬೆಲೆ ಕೇಳಿದ್ರೆ ನೀವು ಫೋನ್ ಇಟ್ಬಿಡ್ತೀರಿ." ಆಮೇಲೆ ಒಡತಿಯೇ ಕೇಳಿದಳು. "ಎಲ್ಲಿ ಕೂತಿದ್ದೀರಿ ನೀವು?"

"ಕೊನೇ ಸಾಲು."

"ಯಾಕೆ? ಮುಂದೆ ಬಿಡಲ್ವಾ?"

ಬಿಡುವುದಿಲ್ಲ ಎಂದು ಹೇಳಲು ಆಗಲಿಲ್ಲ. ಅಕ್ಕ ಯಾರನ್ನೂ ಕೇಳಿಯೇ ಇರಲಿಲ್ಲ.

"ಗಿಡ್ಡ ಲೆನ್ಸಿಗೆ ಜೂಮ್ ಇಲ್ಲ ಅಂತಾರೆ," ಎಂದಳು ಒಡತಿ. "ನಿಮಗೆ ಕಾಲಿದೆಯಲ್ಲ."

ಕೊನೆಯ ಸಾಲಿನಿಂದ ಮೆತ್ತೆಯವರೆಗಿನ ದಾರಿ ಅಕ್ಕನಿಗೆ ಒಂದು ಊರು ದಾಟಿದಷ್ಟಾಯಿತು. ಸರದಿಗೆ ನಿಂತಿದ್ದ ಹುಡುಗಿಯರೆಲ್ಲ ತಿರುಗಿದರು. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಹೇಳಿ ಕಿಸಕ್ಕೆಂದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಆದರೆ ಅದು ಮರದ ನೆಲ, ಚೆನ್ನಾಗಿ ಮೊಳೆ ಹೊಡೆದಿದ್ದರು.

ಕೋಚ್ ಕೋಲಿನ ಆಚೆ ತುದಿಯ ಕಂಬದ ಹತ್ತಿರ ನಿಂತಿದ್ದರು. ಕುಳ್ಳ ದೇಹ, ಹಾಲ್ ತುಂಬುವ ಗಂಟಲು. "ಏನಮ್ಮ, ಯಾರು ನೀನು? ಪೇಪರ್‌ನೋರಾ?"

"ಇವಳ ಅಕ್ಕ," ಎಂದಳು ಅಕ್ಕ. ದನಿ ಹೊರಡಲಿಲ್ಲ. ಕಪ್ಪೆಯತ್ತ ಕೈ ತೋರಿ ಮತ್ತೆ ಹೇಳಿದಳು, "ಸರ್, ನಾನು ಇವಳ ಅಕ್ಕ. ಇಲ್ಲಿ ಪಕ್ಕದಲ್ಲಿ ನಿಂತು ಫೋಟೋ ತೆಗೀಬಹುದಾ? ಫ್ಲಾಶ್ ಹಾಕಲ್ಲ. ಯಾವುದು ತಾಗ್ತಿದೆ ಅಂತ ನೋಡ್ಬೇಕು."

"ಅದರಲ್ಲೇನು ನೋಡೋದು? ಹಿಮ್ಮಡಿ. ಬರೆದುಕೊಡ್ತೀನಿ ಬೇಕಾದ್ರೆ." ಆದರೂ ಕೈಬೀಸಿ ಜಾಗ ತೋರಿಸಿದರು. "ಅಲ್ಲಿ ನಿಲ್ಲು. ಅಲುಗಾಡಬೇಡ."

ಅಕ್ಕ ಈಚೆ ಕಂಬದ ಪಕ್ಕ ಮಂಡಿಯೂರಿದಳು. ಕೋಲು ಅವಳ ಕಣ್ಣಿಗೆ ನೇರವಾಗಿ, ಉದ್ದಕ್ಕೆ ಕಾಣುತ್ತಿತ್ತು. ಕಪ್ಪೆ ದೂರದಲ್ಲಿ ನಿಂತು ಅಕ್ಕನನ್ನು ಕಂಡು ಬಾಯಿಬಿಟ್ಟಳು, ಆಮೇಲೆ ತುಟಿಯಂಚಿನಲ್ಲಿ ನಕ್ಕಳು. ಓಡಿ ಬಂದಳು.

ಮೊದಲ ಜಿಗಿತದಲ್ಲಿ ಸಿಕ್ಕಿದ್ದು ಬರಿಯ ಮೆತ್ತೆ. ಎರಡನೆಯದರಲ್ಲಿ ಕೋಲು ಆಗಲೇ ಅರ್ಧ ದಾರಿ ಬಿದ್ದಿತ್ತು. ಅಕ್ಕನಿಗೆ ತಂಗಿ ಕಂಡ ಮೇಲೆ ಒತ್ತುವ ಚಾಳಿ ಬಿಡಲೊಲ್ಲದು. ಗುಂಡಿಯನ್ನು ಒತ್ತಿಯೇ ಹಿಡಿದು ಪಟಪಟ ತೆಗೆದರೂ ಒಂದು ಚಿತ್ರದಲ್ಲಿ ಕೋಲು ನಿಂತಿರುತ್ತಿತ್ತು, ಮುಂದಿನದರಲ್ಲಿ ಬಿದ್ದಿರುತ್ತಿತ್ತು. ಬೇಕಾದದ್ದು ಅವೆರಡರ ಸಂದಿಯಲ್ಲಿ ಜಾರಿಹೋಗುತ್ತಿತ್ತು. ಆಗ ಅವಳು ನೋಡುವುದನ್ನು ಬಿಟ್ಟು ಕೇಳಲು ತೊಡಗಿದಳು. ಕೇಳಿ ಅವಳಿಗೆ ರೂಢಿಯಿತ್ತು. ತಂಗಿಯ ಹೆಜ್ಜೆ ಮೊದಲು ಅಗಲಗಲ, ತಿರುವಿನಲ್ಲಿ ಒತ್ತೊತ್ತಾಗಿ, ಕೊನೆಯದು ಮಾತ್ರ ನೆಲಕ್ಕೆ ಗುದ್ದಿದ ಹಾಗೆ ಭಾರ. ಆ ಭಾರದ ಹೆಜ್ಜೆ ಕೇಳಿ, ಮನಸ್ಸಿನಲ್ಲಿ ಒಂದು ಉಸಿರೆಳೆದು, ಒತ್ತಬೇಕು.

ಧಪ್. ಉಸಿರು. ಕತ್ತಲೆ.

"ಹಿಮ್ಮಡೀ!" ಎಂದು ಕೋಚ್ ಅರಚಿದರು. ಕೋಲು ಬಿತ್ತು.

ಅಕ್ಕ ತೆರೆಯ ಮೇಲೆ ಬೆಳಕು ಬೀಳದಂತೆ ಅಂಗೈ ಅಡ್ಡಹಿಡಿದು ನೋಡಿದಳು. ಚಿತ್ರ ಸಿಕ್ಕಿತ್ತು. ಕಪ್ಪೆ ಗಾಳಿಯಲ್ಲಿ ಮಲಗಿದ್ದಳು, ಒಂದೊಂದು ಕೂದಲೂ ಬೇರೆ ಬೇರೆ. ಹಿಮ್ಮಡಿ ಕೋಲಿಗಿಂತ ಗೇಣು ಮೇಲಿತ್ತು. ಸೊಂಟದ ಕೆಳಗೆ ಕೋಲು ಬಿಲ್ಲಿನಂತೆ ಒಂಚೂರು ಬಾಗಿತ್ತು.

"ಸೊಂಟ!" ಓಡಿಬಂದ ಕಪ್ಪೆ ಹೆಗಲ ಮೇಲಿಂದ ಬಗ್ಗಿ ಕೂಗಿದಳು. "ಸರ್, ಬನ್ನಿ, ನೋಡಿ! ನಾನು ಹೇಳ್ಲಿಲ್ವಾ? ಸೊಂಟ!"

ಕೋಚ್ ಬಂದರು. ಕನ್ನಡಕ ಹಣೆಗೇರಿಸಿ, ಕ್ಯಾಮೆರಾವನ್ನು ಮೂಗಿಗೆ ಹತ್ತಿರ ತಂದು, ಹಿಂದೆ ಮುಂದೆ ಮಾಡಿ ನೋಡಿದರು. "ಹೂಂ," ಎಂದರು. ಸ್ವಲ್ಪ ತಡೆದು, "ಸೊಂಟವೇ. ಆದ್ರೆ ಕುಸೀತಿದೆ ಯಾಕೆ? ಏಳುವಾಗ ಇಷ್ಟು ಚೆನ್ನಾಗಿ ಎದ್ದಿದ್ದೀಯ. ಇನ್ನೂ ಗೇಣು ಜಾಗ ಇರಬೇಕಿತ್ತು."

ಅದು ಯಾರಿಗೂ ಗೊತ್ತಿರಲಿಲ್ಲ. ಜಗಳ ಗೆದ್ದ ಕಪ್ಪೆಯ ಮುಖ ಮತ್ತೆ ಇಳಿಯಿತು. ಗೆದ್ದು ಏನು ಬಂತು? ಕೋಲು ಬೀಳುತ್ತಲೇ ಇತ್ತಲ್ಲ.

ಅಕ್ಕ ಕ್ಯಾಮೆರಾವನ್ನು ಮರಳಿ ಪಡೆದು ಚಿತ್ರವನ್ನು ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ಸರಿಸುತ್ತ ಹೋದಳು. ಸೊಂಟ. ಬೆನ್ನು. ಕತ್ತು. ತಂಗಿಯ ಗಲ್ಲ ಎದೆಗೆ ಅಂಟಿತ್ತು, ಯಾರೋ ಹಿಂದಿನಿಂದ ತಲೆ ಎತ್ತಿ ಹಿಡಿದ ಹಾಗೆ. ತಲೆ ಎದ್ದರೆ ಸೊಂಟ ಇಳಿಯಲೇಬೇಕಲ್ಲ. ಹಾಸಿಗೆಯಲ್ಲಿ ಮಲಗಿ ಕತ್ತೆತ್ತಿ ನೋಡಿದರೆ ಯಾರಿಗಾದರೂ ತಿಳಿಯುತ್ತದೆ. ಆದರೆ ಎತ್ತಿದ್ದು ಯಾಕೆ? ಇನ್ನೂ ಸರಿಸಿದಳು. ಚಿತ್ರದ ಬಲತುದಿಯಲ್ಲಿ, ಆಚೆ ಕಂಬದ ಪಕ್ಕ, ಫೋಕಸ್ಸಿಲ್ಲದೆ ಮಸುಕಾಗಿ ಕೋಚ್ ನಿಂತಿದ್ದರು. ಉದ್ದನೆಯ ಲೆನ್ಸಾಗಿದ್ದರೆ ತಂಗಿಯೊಬ್ಬಳನ್ನೇ ಕತ್ತರಿಸಿ ತಂದುಬಿಡುತ್ತಿತ್ತು. ಈ ಗಿಡ್ಡದು ಬೇಡದವರನ್ನೂ ಒಳಗೆ ಸೇರಿಸಿಕೊಂಡಿತ್ತು. ಆ ಮಸುಕಿನಲ್ಲೂ ಅವರ ಬಾಯಿ ಸ್ಪಷ್ಟವಾಗಿತ್ತು: ದುಂಡಗೆ, ಕಪ್ಪಗೆ, ಪೂರ್ತಿ ತೆರೆದ ಬಾಯಿ.

ಅಕ್ಕ ಹಿಂದಿನ ಚಿತ್ರ ನೋಡಿದಳು. ಅದರಲ್ಲಿ ಬಾಯಿ ಆಗ ತಾನೇ ಬಿರಿಯುತ್ತಿತ್ತು. ತಂಗಿಯ ತಲೆ ಹಿಂದಕ್ಕೆ ಜೋತು, ಮೈ ಕಮಾನಿನಂತೆ ಬಾಗಿತ್ತು. ಕೋಲಿನ ಮೇಲೆ ಗೇಣು ಜಾಗ.

ಅವಳಿಗೆ ಗೊತ್ತಾಯಿತು. ಇದನ್ನು ಮನೆಗೆ ಹೋಗಿ ಕಪ್ಪೆಗೆ ಮೆಲ್ಲಗೆ ಹೇಳಬಹುದು. ಆದರೆ ಕಪ್ಪೆ ನಾಳೆ ಬಂದು ಹೇಳಿದರೆ ಅದು ಇನ್ನೊಂದು ಜಗಳ. ಹಾರುವವಳು ಹಾರಿಸುವವರ ಮೇಲೆ ತಪ್ಪು ಹೊರಿಸಿದ ಹಾಗೆ. ಆಯ್ಕೆ ಪಂದ್ಯ ಹತ್ತಿರವಿತ್ತು. ಚಿತ್ರ ತನ್ನ ಕೈಯಲ್ಲಿತ್ತು. ಧಪ್ ಎಂದು ಕೇಳಿದ ಮೇಲೆ ಕಾಯಬಾರದು. ಕಾದರೆ ಬರಿಯ ಮೆತ್ತೆ ಸಿಗುತ್ತದೆ.

"ಸರ್," ಎಂದಳು. "ಇದು ನೀವು."

"ಯಾವುದು?"

"ಮೂಲೇಲಿ. ನೀವು ಕೂಗ್ತಿದ್ದೀರ." ಹುಡುಗಿಯರೆಲ್ಲ ಹತ್ತಿರ ಸರಿದದ್ದು ಅವಳಿಗೆ ಗೊತ್ತಾಗುತ್ತಿತ್ತು. ನಿಲ್ಲಿಸಿದರೆ ಮತ್ತೆ ಬಾಯಿ ಬಾರದೆಂದು ಒಂದೇ ಉಸಿರಿಗೆ ಹೇಳಿದಳು. "ನೀವು ಕೂಗೋಕೆ ಮುಂಚೆ ಇವಳ ತಲೆ ಹಿಂದಕ್ಕಿದೆ, ಸೊಂಟ ಮೇಲಿದೆ. ನಿಮ್ಮ ಬಾಯಿ ತೆರೆದ ಕೂಡಲೆ ತಲೆ ಎತ್ತಿದ್ದಾಳೆ. ಹಿಮ್ಮಡಿ ಅಂದ ಕೂಡಲೆ ಹಿಮ್ಮಡಿ ನೋಡೋಕೆ ಹೋಗ್ತಾಳೆ ಸರ್. ಆಗ ಸೊಂಟ ಕುಸಿಯುತ್ತೆ. ಒಂದ್ ಸಲ... ಒಂದೇ ಒಂದ್ ಸಲ ನೀವು ಸುಮ್ಮನಿರ್ತೀರಾ?"

ಹಾಲ್‌ನಲ್ಲಿ ಎಲ್ಲರ ಕಣ್ಣೂ ಕೋಚ್ ಕಡೆ ತಿರುಗಿತು. ಸುಮ್ಮನಿರಿ ಎಂದು ಯಾರಿಗೂ, ಯಾವತ್ತೂ ಅಕ್ಕ ಹೇಳಿದವಳಲ್ಲ. ಅವಳಿಗೇ ಜನ ಮಾತಾಡು ಮಾತಾಡು ಎನ್ನುತ್ತಿದ್ದರು. ಕೋಚ್ ಮುಖ ಕೆಂಪಗಾಯಿತು. ಕ್ಯಾಮೆರಾ ಕಸಿದುಕೊಂಡಂತೆ ತೆಗೆದುಕೊಂಡು ಎರಡು ಚಿತ್ರವನ್ನೂ ಅದಲುಬದಲು ಮಾಡಿ ನೋಡಿದರು. ಮತ್ತೆ ನೋಡಿದರು.

"ನಾನು ಇಷ್ಟು ದೊಡ್ಡದಾಗಿ ಬಾಯಿ ತೆಗೀತೀನಾ?"

"ಇದಕ್ಕಿಂತ ದೊಡ್ಡದು ಸರ್," ಎಂದಳು ಸಾಲಿನಲ್ಲಿದ್ದ ಹುಡುಗಿಯೊಬ್ಬಳು. ಎಲ್ಲರೂ ಗೊಳ್ಳೆಂದರು. ಕೋಚ್ ಒಬ್ಬೊಬ್ಬರನ್ನೂ ದುರುಗುಟ್ಟಿ ನೋಡಲು ಹೋಗಿ, ಸೋತು, ತಾವೂ ನಕ್ಕುಬಿಟ್ಟರು.

"ಸರಿಯಮ್ಮ. ನೋಡೇ ಬಿಡೋಣ. ಕೋಲು ಇಡ್ರೇ."

ಮೊದಲ ಸಲ ಸದ್ದಿಲ್ಲದೆಯೂ ಕೋಲು ಬಿತ್ತು. ಕೂಗು ಹೊರಗೆ ನಿಂತರೂ ಕಪ್ಪೆಯ ಕಿವಿಯೊಳಗೆ ಇನ್ನೂ ಇತ್ತು. ಚಿತ್ರದಲ್ಲಿ ಗಲ್ಲ ಅದೇ ಎದೆಯ ಮೇಲೆ. ಕೋಚ್ "ನೋಡಿದ್ಯಾ" ಎನ್ನಲು ಬಾಯಿ ತೆರೆದು, ಅಕ್ಕನ ಕಡೆ ನೋಡಿ ಮುಚ್ಚಿಕೊಂಡರು. ಅಕ್ಕ ಚಿತ್ರವನ್ನು ತಂಗಿಗೆ ತೋರಿಸಿದಳು. "ಕೋಲು ಬಿತ್ತಾ ಇಲ್ವಾ ಅಂತ ನೀನು ನೋಡ್ಬೇಡ ಕಣೇ. ಅದನ್ನ ನಾನು ನೋಡ್ತೀನಿ. ನೀನು ಸೂರು ನೋಡು."

"ನೀನೂ ನೋಡಲ್ವಲ್ಲ. ಕತ್ತಲೆ ಆಗುತ್ತೆ ಅಂದೆ."

"ಹಾಗಾದ್ರೆ ಇಬ್ಬರೂ ನೋಡೋದು ಬೇಡ."

ಕಪ್ಪೆ ಹಿಂದಕ್ಕೆ ನಡೆದು ಹೋದಳು. ಕೋಚ್ ಎರಡು ಕೈಯಲ್ಲೂ ಬಾಯಿ ಒತ್ತಿಹಿಡಿದು, ಕೆನ್ನೆ ಊದಿಸಿಕೊಂಡು ಆಚೆ ಕಂಬದ ಹತ್ತಿರ ನಿಂತರು. ಹೆಜ್ಜೆ ಅಗಲಗಲ ಬಂತು, ತಿರುವಿನಲ್ಲಿ ಒತ್ತೊತ್ತಾಯಿತು. ಧಪ್. ಅಕ್ಕ ಉಸಿರೆಳೆದು ಒತ್ತಿದಳು. ಕಿಂಡಿ ಕಪ್ಪಾಯಿತು. ಆ ಕತ್ತಲೆಯಲ್ಲಿ ಅವಳು ಕಾದಳು. ಶಟರ್ ಸದ್ದು, ಮೆತ್ತೆಗೆ ಮೈ ಬಿದ್ದ ಸದ್ದು. ಕೋಲು ಕಂಬದ ಮೇಲೆ ಟಕಟಕ ನಡುಗಿದ ಸದ್ದು.

ಆಮೇಲೆ ಏನೂ ಇಲ್ಲ.

ಅವಳು ಕ್ಯಾಮೆರಾ ಕೆಳಗಿಳಿಸುವ ಮೊದಲೇ ಹುಡುಗಿಯರ ಕಿರುಚಾಟ ಎದ್ದಿತು. ಕಪ್ಪೆ ಮೆತ್ತೆಯ ಮೇಲೆ ಎದ್ದು ಕೂತಿದ್ದಳು, ಕೋಲನ್ನು ನೋಡಲು ಇನ್ನೂ ಧೈರ್ಯವಿಲ್ಲದೆ ಅಕ್ಕನ ಮುಖ ನೋಡುತ್ತ. ಅಕ್ಕ ತಲೆಯಾಡಿಸಿದಳು. ಅಷ್ಟಾದ ಮೇಲೆ ಕಪ್ಪೆ ತಿರುಗಿ ನೋಡಿದಳು. ಕೋಲು ಅಲ್ಲೇ ಇತ್ತು.

"ಈಗ ಮಾತಾಡ್ಬಹುದಾ?" ಎಂದು ಕೋಚ್ ಬೆರಳ ಸಂದಿಯಿಂದ ಕೇಳಿದರು.

ಕಪ್ಪೆ ಮೆತ್ತೆಯಿಂದ ಕೆಳಗೆ ಹಾರಿ, ಬೆವರು ಒರೆಸಿಕೊಳ್ಳುತ್ತ, ಆಗಲೇ ಓಟ ಶುರುಮಾಡುವ ಜಾಗದತ್ತ ನಡೆಯುತ್ತಿದ್ದಳು. "ಆಮೇಲೆ ಮಾತಾಡಿ ಸರ್," ಎಂದಳು ತಿರುಗಿ ನೋಡದೆಯೇ. "ಈಗ ಇನ್ನೊಂದು ಬೆರಳು ಏರಿಸಿ."

ಅಕ್ಕ ತೆರೆಯ ಮೇಲಿನ ಚಿತ್ರವನ್ನು ಆಮೇಲೆ ನೋಡಿದರಾಯಿತೆಂದು ಬಿಟ್ಟು, ಮತ್ತೆ ಮಂಡಿಯೂರಿ, ಹೆಜ್ಜೆಗೆ ಕಿವಿಗೊಟ್ಟಳು.